ಟ್ರ್ಯಾಕ್ಟರ್ ಸೋತ ಊರಲ್ಲಿ ಕುದುರೆ ಗೆದ್ದಿತೇ? ಅಮೆರಿಕದ ಕೃಷಿ ಬಿಕ್ಕಟ್ಟು, ಅಮಿಶರು ಮತ್ತು ಅವರ ‘ಇಂಗ್ಲಿಷ್’ ನೆರೆಯವರು

ಅಮೆರಿಕದ ಕೃಷಿ ಸುದ್ದಿಗಳನ್ನು ಗಮನಿಸುತ್ತಿರುವವರಿಗೆ ಎರಡು ಸಂಗತಿಗಳು ಒಂದಕ್ಕೊಂದು ತಾಳೆಯಾಗದಂತೆ ಕಂಡಿರಬಹುದು. ಸುಂಕದ ಸಮರ ಮತ್ತು ಬೆಲೆ ಕುಸಿತದಿಂದ ಕಂಗೆಟ್ಟ ರೈತರಿಗೆ 2025ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ 1,200 ಕೋಟಿ ಡಾಲರ್‌ಗಳ ನೆರವು ಪ್ರಕಟಿಸಿತು. ರೈತರಿಗೆಂದೇ ಇರುವ ದಿವಾಳಿ ಕಾಯ್ದೆಯ 12ನೇ ಅಧ್ಯಾಯದಡಿ 2024ರಲ್ಲಿ ಸಲ್ಲಿಕೆಯಾದ ಅರ್ಜಿಗಳು ಹಿಂದಿನ ವರ್ಷಕ್ಕಿಂತ ಶೇ 55ರಷ್ಟು ಹೆಚ್ಚಿ 216ಕ್ಕೆ ತಲುಪಿದ್ದವು. 2025ರಲ್ಲಿ ಆ ಸಂಖ್ಯೆ ಮತ್ತೂ ಏರಿತು. ಹೀಗಿರುವಾಗ, ಪೆನ್ಸಿಲ್ವೇನಿಯಾ, ಓಹಾಯೋ, ಇಂಡಿಯಾನಾ ಮೊದಲಾದ ರಾಜ್ಯಗಳಲ್ಲಿ ಕುದುರೆ ಮತ್ತು ಹೇಸರಗತ್ತೆಗಳಿಂದ ಉಳುವ, ಮನೆಗೆ ವಿದ್ಯುತ್ ತಂತಿ ಎಳೆಸಿಕೊಳ್ಳದ ಅಮಿಶ್ ಎಂಬ ಕ್ರೈಸ್ತ ಪಂಗಡದ ಜನರ ಸಂಖ್ಯೆ ನಾಲ್ಕು ಲಕ್ಷವನ್ನು ದಾಟಿದೆ. ನೆರೆಯವರು ಮಾರುವ ಜಮೀನನ್ನು ಕೊಳ್ಳುವವರಲ್ಲಿ ಅವರೇ ಮುಂದಿದ್ದಾರೆ.

ಆಧುನಿಕ ಕೃಷಿಯೇ ತಪ್ಪು ದಾರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಮುಪ್ಪಿನ ಪಿಂಚಣಿಗೆಂದು ಸರ್ಕಾರ ವಸೂಲು ಮಾಡುವ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟದವರು ಕಟ್ಟುವವರ ಅನ್ನವನ್ನು ಕಸಿಯುತ್ತಿದ್ದಾರೆ ಎಂದು ಇನ್ನು ಕೆಲವರು ದೂರುತ್ತಾರೆ. ಎರಡೂ ವಾದಗಳು ಬೇಲಿಯ ಒಂದೊಂದು ಬದಿಯಲ್ಲಿ ಮಾತ್ರ ನಿಂತು ನೋಡುತ್ತವೆ. ಈ ಎರಡು ಸಮುದಾಯಗಳು ಒಂದೇ ಹಾಲಿನ ಲಾರಿಯನ್ನು, ಒಂದೇ ಬ್ಯಾಂಕನ್ನು, ಒಂದೇ ಅಗ್ನಿಶಾಮಕ ದಳವನ್ನು ಹಂಚಿಕೊಂಡು ಬದುಕುತ್ತಿವೆ. ಒಂದರ ಸಂಕಟ ಇನ್ನೊಂದಕ್ಕೆ ಲಾಭವೆಂಬ ಲೆಕ್ಕ ಒಂದು ಹಂತದವರೆಗೆ ಮಾತ್ರ ನಿಜ.

‘ಇಂಗ್ಲಿಷರು’ ಎಂದರೆ ಯಾರು

ಇಲ್ಲಿ ‘ಇಂಗ್ಲಿಷರು’ ಎಂದರೆ ಬ್ರಿಟಿಷರಲ್ಲ. ಮನೆಯಲ್ಲಿ ಜರ್ಮನ್ ಮೂಲದ ‘ಪೆನ್ಸಿಲ್ವೇನಿಯಾ ಡಚ್’ ಆಡುವ ಅಮಿಶರು, ತಮ್ಮವರಲ್ಲದ ಎಲ್ಲ ಅಮೆರಿಕನ್ನರನ್ನೂ ಕರೆಯುವುದು ಹಾಗೆ. ಪಕ್ಕದ ಹೊಲದವನ ಪೂರ್ವಜರು ಪೋಲೆಂಡಿನಿಂದ ಬಂದವರಾಗಿದ್ದರೂ ಅವನು ‘ಇಂಗ್ಲಿಷ್’ ರೈತನೇ.

ಅಮಿಶರು 1693ರಲ್ಲಿ ಯಾಕೋಬ್ ಅಮ್ಮಾನ್ ಎಂಬ ಧರ್ಮಗುರುವಿನ ಮುಂದಾಳತ್ವದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಪ್ರದೇಶಗಳ ಅನಾಬ್ಯಾಪ್ಟಿಸ್ಟ್ (ಬೆಳೆದ ಮೇಲೆ ಮಾತ್ರ ದೀಕ್ಷಾಸ್ನಾನ ಪಡೆಯುವ) ಕ್ರೈಸ್ತರಿಂದ ಕವಲೊಡೆದವರು. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದರು. ಅವರಿಗೆ ಪ್ರತ್ಯೇಕ ಚರ್ಚ್ ಕಟ್ಟಡಗಳಿಲ್ಲ. ಇಪ್ಪತ್ತೈದರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭೆಯಾಗುತ್ತದೆ. ಪ್ರಾರ್ಥನೆ ಸರದಿಯಂತೆ ಸದಸ್ಯರ ಮನೆಗಳಲ್ಲಿ ನಡೆಯುತ್ತದೆ. ಯಾವ ಸಲಕರಣೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬುದನ್ನು ‘ಆರ್ಡ್‌ನುಂಗ್’ ಎಂಬ ಕಟ್ಟಳೆಯ ಮೂಲಕ ತೀರ್ಮಾನಿಸುವುದು ಆ ಸಭೆಯೇ. ಆದ್ದರಿಂದ ಅಮಿಶರು ಯಂತ್ರಗಳನ್ನು ಒಟ್ಟಾರೆ ನಿರಾಕರಿಸುತ್ತಾರೆಂಬುದು ತಪ್ಪು ಕಲ್ಪನೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಜಿಲ್ಲೆಯ ಒಂದು ಅಮಿಶ್ ಕೊಟ್ಟಿಗೆಯಲ್ಲಿ ಡೀಸೆಲ್ ಎಂಜಿನ್ ಸದ್ದು ಮಾಡುತ್ತಿರುತ್ತದೆ, ಅದರ ಬಲದಿಂದ ಹಾಲು ತಣಿಸುವ ದೊಡ್ಡ ತೊಟ್ಟಿ ನಡೆಯುತ್ತದೆ. ಹೊಲದಲ್ಲಿ ಹೇಸರಗತ್ತೆಗಳು ಎಳೆಯುವ ಹುಲ್ಲುಕಟ್ಟುವ ಯಂತ್ರದ ಮೇಲೂ ಒಂದು ಎಂಜಿನ್ ಕೂತಿರುತ್ತದೆ. ನಿಷಿದ್ಧವಾದದ್ದು ಹೊಲಕ್ಕೆ ಇಳಿಯುವ ಟ್ರ್ಯಾಕ್ಟರ್. ಅದು ಬಂದರೆ ಹೊಲ ದೊಡ್ಡದಾಗುತ್ತದೆ, ಹೊಲ ದೊಡ್ಡದಾದರೆ ನೆರೆಯವನ ಜಮೀನು ಬೇಕಾಗುತ್ತದೆ, ನೆರೆಯವನ ಅಗತ್ಯ ಮಾತ್ರ ಇಲ್ಲವಾಗುತ್ತದೆ ಎಂಬ ಆತಂಕ ಆ ನಿಷೇಧದ ಹಿಂದಿದೆ.

ಬಿಕ್ಕಟ್ಟು ಬಂದ ದಾರಿ

ಇಂಗ್ಲಿಷ್ ರೈತನ ಇಂದಿನ ಕಷ್ಟವನ್ನು ಅರಿಯಲು ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು. 1972ರಲ್ಲಿ ಸೋವಿಯತ್ ಒಕ್ಕೂಟ ಭಾರಿ ಪ್ರಮಾಣದಲ್ಲಿ ಧಾನ್ಯ ಕೊಂಡಿತು, ಬೆಲೆಗಳು ಜಿಗಿದವು. ಬೇಲಿಯಿಂದ ಬೇಲಿಯವರೆಗೆ ಬಿತ್ತಿರಿ ಎಂಬುದು ಅಂದಿನ ಕೃಷಿ ಕಾರ್ಯದರ್ಶಿ ಅರ್ಲ್ ಬಟ್ಜ್ ಅವರ ನೀತಿಯಾಗಿತ್ತು. ಜಮೀನಿನ ಬೆಲೆ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದರಿಂದ, ಇದ್ದ ಜಮೀನನ್ನು ಅಡವಿಟ್ಟು ಇನ್ನಷ್ಟು ಜಮೀನು ಕೊಳ್ಳುವುದು ಜಾಣತನವೆನಿಸಿತು, ಬ್ಯಾಂಕುಗಳೂ ಹುರಿದುಂಬಿಸಿದವು. 1980ರಲ್ಲಿ ಅಫ್ಘಾನಿಸ್ತಾನದ ಮೇಲಿನ ಆಕ್ರಮಣಕ್ಕೆ ಪ್ರತಿಯಾಗಿ ಅಧ್ಯಕ್ಷ ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರಾಟವನ್ನು ತಡೆದರು. ಅದೇ ವರ್ಷದ ಕೊನೆಗೆ, ಹಣದುಬ್ಬರ ತಡೆಯುವ ಕ್ರಮಗಳ ಫಲವಾಗಿ ಬ್ಯಾಂಕುಗಳ ಮೂಲ ಬಡ್ಡಿ ದರ ಶೇ 21.5ಕ್ಕೆ ಮುಟ್ಟಿತು. ಆದಾಯ ಇಳಿಯಿತು, ಬಡ್ಡಿ ಏರಿತು, ಒತ್ತೆ ಇಟ್ಟ ಜಮೀನಿನ ಬೆಲೆಯೇ ಕುಸಿಯಿತು. ಅಯೋವಾದಂತಹ ರಾಜ್ಯದಲ್ಲಿ 1981ರಿಂದ 1986ರ ನಡುವೆ ಭೂಮಿಯ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಮೇಲೆ ಹೇಳಿದ 12ನೇ ಅಧ್ಯಾಯ ಹುಟ್ಟಿದ್ದೇ ಆ ದುರಂತದ ನಡುವೆ, 1986ರಲ್ಲಿ.

ಇಂದಿನ ಬಿಕ್ಕಟ್ಟಿನ ಪಾತ್ರಧಾರಿಗಳು ಬೇರೆ, ಜಾಡು ಅದೇ. 2024ರಲ್ಲಿ ಸುಮಾರು 1,260 ಕೋಟಿ ಡಾಲರ್ ಮೌಲ್ಯದ ಅಮೆರಿಕನ್ ಸೋಯಾಬೀನ್ ಕೊಂಡಿದ್ದ ಚೀನಾ, ಸುಂಕದ ಜಗಳದಿಂದಾಗಿ 2025ರ ಸುಗ್ಗಿಯ ಹೊತ್ತಿಗೆ ಕೊಳ್ಳುವುದನ್ನೇ ನಿಲ್ಲಿಸಿತು. ಅಕ್ಟೋಬರ್ ಕೊನೆಯ ಒಪ್ಪಂದದೊಡನೆ ಖರೀದಿ ಮರಳಿ ಆರಂಭವಾಯಿತಾದರೂ, ಗೊಬ್ಬರ, ಬೀಜ, ಯಂತ್ರ, ಬಡ್ಡಿ ಇವುಗಳ ಬೆಲೆ ಇಳಿದಿರಲಿಲ್ಲ. ನಮ್ಮ ಮೆಕ್ಕೆಜೋಳ, ನಮ್ಮ ಸೋಯಾ ಕೊಳ್ಳಿ ಎಂದು 2025ರ ವ್ಯಾಪಾರ ಮಾತುಕತೆಗಳಲ್ಲಿ ಅಮೆರಿಕ ಭಾರತವನ್ನು ಒತ್ತಾಯಿಸಿದ್ದರ ಹಿಂದೆ ಇದ್ದದ್ದೂ ಮಾರಾಟವಾಗದೆ ಉಳಿದ ಈ ಧಾನ್ಯದ ರಾಶಿಯೇ.

ಹೈನುಗಾರರ ಕಥೆ ಇನ್ನೂ ಹಳೆಯದು, ಇನ್ನೂ ನೋವಿನದು. 2008ರಲ್ಲಿ ನೂರು ಪೌಂಡ್ ಹಾಲಿಗೆ 18 ಡಾಲರಿಗೂ ಹೆಚ್ಚು ಪಡೆಯುತ್ತಿದ್ದ ರೈತರು 2009ರ ಮಧ್ಯದ ಹೊತ್ತಿಗೆ 11–12 ಡಾಲರಿಗೆ ಮಾರಬೇಕಾಯಿತು. 2018ರ ಆರಂಭದಲ್ಲಿ ಪೆನ್ಸಿಲ್ವೇನಿಯಾ, ಇಂಡಿಯಾನಾ ಸೇರಿದಂತೆ ಎಂಟು ರಾಜ್ಯಗಳ ನೂರಕ್ಕೂ ಹೆಚ್ಚು ಹೈನುಗಾರರಿಗೆ ಡೀನ್ ಫುಡ್ಸ್ ಕಂಪನಿಯಿಂದ ಒಂದು ಪತ್ರ ಬಂತು: ತೊಂಬತ್ತು ದಿನಗಳ ನಂತರ ನಿಮ್ಮ ಹಾಲನ್ನು ಕೊಳ್ಳುವುದಿಲ್ಲ. ಅದರ ದೊಡ್ಡ ಗಿರಾಕಿಯಾಗಿದ್ದ ವಾಲ್‌ಮಾರ್ಟ್ ಫೋರ್ಟ್ ವೇನ್ ನಗರದಲ್ಲಿ ತನ್ನದೇ ಹಾಲಿನ ಘಟಕ ಕಟ್ಟಿಕೊಳ್ಳುತ್ತಿತ್ತು. ಹಸು ಮಾತ್ರ ಪತ್ರ ಬಂದ ದಿನವೂ ಎರಡು ಹೊತ್ತು ಹಾಲು ಕೊಡುತ್ತದೆ. 2017ರ ಕೃಷಿ ಗಣತಿಯಲ್ಲಿ 20 ಲಕ್ಷದಷ್ಟಿದ್ದ ಅಮೆರಿಕದ ಹಿಡುವಳಿಗಳು 2022ರ ಹೊತ್ತಿಗೆ 19 ಲಕ್ಷಕ್ಕೆ ಇಳಿದವು. ರೈತರ ಸರಾಸರಿ ವಯಸ್ಸು 58 ದಾಟಿತು.

ಗುಟ್ಟು ಕುದುರೆಯಲ್ಲಿಲ್ಲ, ಸಾಲದಲ್ಲಿದೆ

ಹಾಗಾದರೆ ಅಮಿಶ್ ರೈತ ಇದರಿಂದ ಪಾರಾದದ್ದು ಹೇಗೆ? ಹೊಸ ದೊಡ್ಡ ಕಟಾವು ಯಂತ್ರವೊಂದಕ್ಕೆ ಐದು ಲಕ್ಷ ಡಾಲರಿಗೂ ಮೇಲೆ ಬೆಲೆ. ಅಷ್ಟು ಹಣ ಹಾಕಿದವನು ಅದನ್ನು ಮರಳಿ ಪಡೆಯಲು ಸಾವಿರಾರು ಎಕರೆಯಲ್ಲಿ ಓಡಿಸಲೇಬೇಕು. ಅದಕ್ಕಾಗಿ ಜಮೀನು ಗುತ್ತಿಗೆಗೆ ಹಿಡಿಯಬೇಕು, ಗುತ್ತಿಗೆಯ ಹಣಕ್ಕೆ ಮತ್ತೆ ಬ್ಯಾಂಕಿಗೆ ಹೋಗಬೇಕು. ಹೀಗೆ ಪ್ರತಿ ಹೆಜ್ಜೆಯೂ ಮುಂದಿನ ಸಾಲಕ್ಕೆ ದಾರಿಯಾಗುತ್ತದೆ. ಬೆಲೆ ಕುಸಿದ ವರ್ಷದಲ್ಲಿ ಬೆಳೆ ಕಡಿಮೆ ಮಾಡುವ ಸ್ವಾತಂತ್ರ್ಯವೂ ಅವನಿಗಿಲ್ಲ, ಏಕೆಂದರೆ ಕಂತು ಕಾಯುವುದಿಲ್ಲ. ಐವತ್ತರಿಂದ ಎಂಬತ್ತು ಎಕರೆಯ ಅಮಿಶ್ ಹೊಲದಲ್ಲಿ ಎಳೆಯುವ ಬಲ ಅಲ್ಲೇ ಬೆಳೆದ ಹುಲ್ಲನ್ನು ತಿನ್ನುತ್ತದೆ, ಅಲ್ಲೇ ಗೊಬ್ಬರ ಕೊಡುತ್ತದೆ. ಹೆಣ್ಣು ಕುದುರೆಯಾದರೆ ಮರಿಯನ್ನೂ ಕೊಡುತ್ತದೆ. ಮನೆಯ ಆರೇಳು ಮಕ್ಕಳು ದುಡಿಯುತ್ತಾರೆ. ಕೈಯಿಂದ ಹೊರಹೋಗುವ ನಗದು ಕಡಿಮೆಯಾದ್ದರಿಂದ ಬೆಲೆ ಕುಸಿದಾಗ ನಷ್ಟವೂ ಕಡಿಮೆ. 1977ರಲ್ಲೇ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಅಮಿಶ್ ಹೊಲಗಳ ಇಂಧನ ಮಿತವ್ಯಯವನ್ನು ಅಳೆದು ತೋರಿಸಿತ್ತು.

ಆದರೆ ಅಮಿಶರು ಸಾಲವೇ ಮಾಡುವುದಿಲ್ಲ ಎಂದಲ್ಲ. ಜಮೀನಿಗಾಗಿ ದೊಡ್ಡ ಸಾಲವನ್ನೇ ಮಾಡುತ್ತಾರೆ. ವ್ಯತ್ಯಾಸವಿರುವುದು ಆ ಸಾಲದ ಬೆನ್ನಿಗೆ ನಿಂತವರಲ್ಲಿ. ಸ್ವಲ್ಪ ಹಣ ಬಂಧುಗಳಿಂದ ಕಡಿಮೆ ಬಡ್ಡಿಗೆ ಬರುತ್ತದೆ. ಅಪ್ಪ ಮಗನಿಗೆ ಹೊಲವನ್ನು ಮಾರುಕಟ್ಟೆಯ ಬೆಲೆಗಿಂತ ಕಡಿಮೆಗೆ ಬಿಟ್ಟುಕೊಡುತ್ತಾನೆ. ಉಳಿದದ್ದನ್ನು ಕೊಡುವುದು ಇಂಗ್ಲಿಷರ ಸ್ಥಳೀಯ ಬ್ಯಾಂಕು. ವಿದ್ಯುತ್ ಸಂಪರ್ಕವಿಲ್ಲದ, ಸಾಮಾನ್ಯ ವಿಮೆಯಿಲ್ಲದ ಮನೆಯ ಅಡಮಾನ ಸಾಲವನ್ನು ಆ ಬ್ಯಾಂಕು ವಾಲ್ ಸ್ಟ್ರೀಟಿಗೆ ಮಾರಿ ಕೈತೊಳೆದುಕೊಳ್ಳಲು ಆಗುವುದಿಲ್ಲ. ಕೊಟ್ಟ ಸಾಲ ತೀರುವವರೆಗೂ ಅದು ತನ್ನ ಬಳಿಯೇ ಇರಬೇಕಾದುದರಿಂದ, ಸಾಲಗಾರನ ಅಪ್ಪ ಯಾರು, ಹಸುಗಳು ಹೇಗಿವೆ ಎಂದು ವಿಚಾರಿಸಿಯೇ ಬ್ಯಾಂಕಿನವರು ಹಣ ಕೊಡುತ್ತಾರೆ. 2008ರಲ್ಲಿ ಅಮೆರಿಕದ ಅಡಮಾನ ವ್ಯವಸ್ಥೆ ಉರುಳಿಬಿದ್ದಾಗ ಈ ಸಾಲಗಳು ಉಳಿದುಕೊಂಡದ್ದಕ್ಕೆ ಇದೊಂದು ಮುಖ್ಯ ಕಾರಣ. ಒಬ್ಬನ ಕಂತು ತಪ್ಪುವಂತಾದರೆ ಸಭೆಯವರು ಕೂತು ಅವನ ಲೆಕ್ಕ ನೋಡುತ್ತಾರೆ, ಕೈಕೊಡುತ್ತಾರೆ. ಕೊಟ್ಟಿಗೆ ಸುಟ್ಟರೆ ನೂರಾರು ಜನ ಸೇರಿ ಕೆಲವೇ ದಿನಗಳಲ್ಲಿ ಹೊಸದನ್ನು ಎತ್ತಿ ನಿಲ್ಲಿಸುತ್ತಾರೆ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯನ್ನು ಬಲ್ಲವರಿಗೆ ಇದರ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆ ಗುಂಪಿನಲ್ಲಿ ಇಂಗ್ಲಿಷ್ ನೆರೆಯವರೂ ಇರುತ್ತಾರೆ.

ಈ ಭದ್ರತೆಗೆ ತಕ್ಕ ಬೆಲೆಯನ್ನೂ ಅವರು ತೆರುತ್ತಾರೆ. ಮನೆಯವರ ದುಡಿಮೆಗೆ ಕೂಲಿ ಕಟ್ಟಿ ನೋಡಿದರೆ ಎಷ್ಟೋ ಅಮಿಶ್ ಹೊಲಗಳ ಲಾಭ ಕರಗಿಹೋಗುತ್ತದೆ. ಮಕ್ಕಳ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. 1972ರಲ್ಲಿ ಸುಪ್ರೀಂ ಕೋರ್ಟ್ ವಿಸ್ಕಾನ್ಸಿನ್ ಪ್ರಕರಣದಲ್ಲಿ ಈ ಹಕ್ಕನ್ನು ಎತ್ತಿಹಿಡಿದಿದೆ. ಸಮುದಾಯ ಬಿಟ್ಟುಹೋಗಬಯಸುವ ಯುವಕನಿಗೆ, ಅದಕ್ಕಿಂತ ಹೆಚ್ಚಾಗಿ ಯುವತಿಗೆ, ಮುಂದಿನ ದಾರಿ ಬಲು ಕಿರಿದು. ಅಮಿಶ್ ಮಾದರಿಯನ್ನು ದೂರದಿಂದ ಹೊಗಳುವವರು ಈ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಮಿಶರಿಗೂ ತಟ್ಟಿದ ಬಿಸಿ

ಅಮಿಶರೆಲ್ಲ ರೈತರೆಂಬ ಚಿತ್ರವೂ ಈಗ ಹಳತಾಗಿದೆ. ಅವರ ಜನಸಂಖ್ಯೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ, ಆದರೆ ಜಮೀನು ಬೆಳೆಯುವುದಿಲ್ಲ. ಲ್ಯಾಂಕಾಸ್ಟರ್‌ನಲ್ಲಿ ಎಕರೆಗೆ 20,000 ಡಾಲರ್ ಮೀರಿದ ಹರಾಜುಗಳು ಸಾಮಾನ್ಯವಾಗಿವೆ. ಆದ್ದರಿಂದ ದೊಡ್ಡ ನೆಲೆಗಳಲ್ಲಿ ಬೇಸಾಯವನ್ನೇ ನಂಬಿದ ಕುಟುಂಬಗಳು ಈಗ ಅಲ್ಪಸಂಖ್ಯಾತರು. ಉಳಿದವರು ಮರಗೆಲಸ, ಪೀಠೋಪಕರಣ, ಕಟ್ಟಡ ಕೆಲಸ, ಕಾರ್ಖಾನೆಗಳನ್ನು ಹಿಡಿದಿದ್ದಾರೆ.

ಇದರ ಪರಿಣಾಮವೇನೆಂಬುದು 2009ರಲ್ಲಿ ಉತ್ತರ ಇಂಡಿಯಾನಾದಲ್ಲಿ ಕಂಡುಬಂತು. ಎಲ್ಕಾರ್ಟ್ ಮತ್ತು ಲಗ್ರಾಂಜ್ ಜಿಲ್ಲೆಗಳ ಅಮಿಶ್ ಗಂಡಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಮನೆ-ವಾಹನಗಳನ್ನು ತಯಾರಿಸುವ ಕಾರ್ಖಾನೆಗಳಲ್ಲಿ, ಇಂಗ್ಲಿಷ್ ಕಾರ್ಮಿಕರ ಪಕ್ಕದಲ್ಲೇ ದುಡಿಯುತ್ತಿದ್ದರು. ಮಧ್ಯಮ ವರ್ಗ ಪ್ರವಾಸದ ವಾಹನ ಕೊಳ್ಳುವುದನ್ನು ನಿಲ್ಲಿಸಿದೊಡನೆ ಎಲ್ಕಾರ್ಟ್‌ನ ನಿರುದ್ಯೋಗ ಶೇ 20ರ ಹತ್ತಿರಕ್ಕೆ ಏರಿತು. ಅಧ್ಯಕ್ಷ ಒಬಾಮ ಆ ಫೆಬ್ರುವರಿಯಲ್ಲಿ ಅಲ್ಲಿಗೇ ಹೋಗಿ ಆರ್ಥಿಕ ಚೇತರಿಕೆಯ ಮಾತಾಡಿದರು. ಸರ್ಕಾರದಿಂದ ಕೈಯೊಡ್ಡಬಾರದೆಂಬ ಕಟ್ಟಳೆಯವರು ನಿರುದ್ಯೋಗ ಭತ್ಯೆ ಪಡೆಯಬಹುದೇ ಎಂಬ ಪ್ರಶ್ನೆ ಸಭೆಗಳಲ್ಲಿ ಎದ್ದಿತು. ಹಲವರು ಬೇಡವೆಂದರು, ಕೆಲವರು ಪಡೆದರು. ಹೊಲವಿದ್ದವನಿಗೆ ಕೆಟ್ಟ ಕಾಲದಲ್ಲೂ ತರಕಾರಿ, ಹಾಲು, ಸೌದೆ ಇರುತ್ತವೆ. ಸಂಬಳ ನಂಬಿದವನಿಗೆ, ಅವನು ತಲೆಗೆ ಹುಲ್ಲಿನ ಟೋಪಿ ಹಾಕಿದ್ದರೂ, ಸಂಬಳ ನಿಂತರೆ ಎಲ್ಲವೂ ನಿಂತಂತೆ.

ಹರಾಜಿನ ದಿನ

ಎರಡು ಸಮುದಾಯಗಳ ನಡುವಿನ ಎಳೆತ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರುವುದು ಹರಾಜಿನಲ್ಲಿ. ಮಕ್ಕಳು ಊರು ಬಿಟ್ಟ, ಅರವತ್ತು ದಾಟಿದ ಇಂಗ್ಲಿಷ್ ಹೈನುಗಾರನೊಬ್ಬ ಹೊಲವನ್ನು ಹರಾಜಿಗಿಟ್ಟಿದ್ದಾನೆ ಎಂದುಕೊಳ್ಳೋಣ. ಅಂಗಳದಲ್ಲಿ ಒಂದು ಕಡೆ ಕಪ್ಪು ಬಗ್ಗಿಗಳು, ಇನ್ನೊಂದು ಕಡೆ ಪಿಕಪ್ ವಾಹನಗಳು. ಕೂಗು ಏರುತ್ತದೆ. ಪಕ್ಕದ ಹೊಲದ ಇಂಗ್ಲಿಷ್ ಯುವಕ ಬ್ಯಾಂಕು ಒಪ್ಪಿದ ಮಿತಿಗೆ ಬಂದು ನಿಲ್ಲುತ್ತಾನೆ. ಬಂಧುಗಳ ಹಣ, ಮಕ್ಕಳ ದುಡಿಮೆ, ಸಭೆಯ ಬೆಂಬಲ ಇವೆಲ್ಲವನ್ನೂ ಬೆನ್ನಿಗಿಟ್ಟುಕೊಂಡ ಅಮಿಶ್ ತಂದೆ ಇನ್ನೂ ಎರಡು ಸಾವಿರ ಮೇಲೆ ಕೂಗುತ್ತಾನೆ. ಆ ಕೂಗು ಮಾರುವವನ ಪಾಲಿಗೆ ವರ: ಸಾಲ ತೀರಿಸಿ, ಮುಪ್ಪಿಗೆ ನಾಲ್ಕು ಕಾಸು ಉಳಿಸಿಕೊಂಡು ಹೊರಡಬಹುದು. ಹೊರಗಿನ ಹೂಡಿಕೆದಾರನ ಅಥವಾ ಬಡಾವಣೆ ಕಟ್ಟುವವನ ಪಾಲಾಗದೆ ಹೊಲ ಹೊಲವಾಗಿಯೇ ಉಳಿಯುತ್ತದೆ. ಆದರೆ ಊರಲ್ಲೇ ಉಳಿದು ಬೇಸಾಯ ಮಾಡಬೇಕೆಂದಿದ್ದ ಆ ಯುವಕನ ಪಾಲಿಗೆ ಅದೇ ಕೂಗು ಬಾಗಿಲು ಮುಚ್ಚಿದ ಸದ್ದು.

ಇಂಥ ಕಡೆ ಹೊಂದಾಣಿಕೆಯ ದಾರಿಗಳೂ ಹುಟ್ಟಿವೆ. 1988ರಲ್ಲಿ ಆರಂಭವಾದ ಲ್ಯಾಂಕಾಸ್ಟರ್ ಫಾರ್ಮ್‌ಲ್ಯಾಂಡ್ ಟ್ರಸ್ಟ್ ಖಾಸಗಿ ಸಂಸ್ಥೆಯಾದ್ದರಿಂದ, ಸರ್ಕಾರದೊಡನೆ ಒಪ್ಪಂದಕ್ಕೆ ಹಿಂಜರಿಯುವ ಅಮಿಶ್ ರೈತರೂ ತಮ್ಮ ಜಮೀನಿನಲ್ಲಿ ಮುಂದೆಂದೂ ಬಡಾವಣೆ ಏಳದಂತೆ ಅದರ ಮೂಲಕ ಕಟ್ಟು ಹಾಕಿಕೊಂಡಿದ್ದಾರೆ. ಜಿಲ್ಲಾ ಯೋಜನೆಯೂ ಸೇರಿ ಒಂದು ಲಕ್ಷ ಎಕರೆಗೂ ಹೆಚ್ಚು ಭೂಮಿ ಹೀಗೆ ಶಾಶ್ವತವಾಗಿ ಬೇಸಾಯಕ್ಕೆ ಮೀಸಲಾಗಿದೆ. ಭೂಮಿ ಕೃಷಿಗೇ ಉಳಿಯಬೇಕೆಂಬ ಹಂಬಲದಲ್ಲಿ ಬೇಲಿಯ ಎರಡೂ ಬದಿಯವರು ಒಂದೇ.

ದೂರುಗಳಲ್ಲಿ ಹುರುಳೆಷ್ಟು

ಅಮಿಶರು ತೆರಿಗೆಯನ್ನೇ ಕಟ್ಟುವುದಿಲ್ಲವೆಂಬುದು ಸುಳ್ಳು. ಆದಾಯ ತೆರಿಗೆ, ಆಸ್ತಿ ತೆರಿಗೆ, ತಮ್ಮ ಮಕ್ಕಳು ಹೋಗದ ಸಾರ್ವಜನಿಕ ಶಾಲೆಗಳ ತೆರಿಗೆ ಎಲ್ಲವನ್ನೂ ಕಟ್ಟುತ್ತಾರೆ. ವಿವಾದವಿದ್ದದ್ದು ಸಾಮಾಜಿಕ ಭದ್ರತೆಯ ತೆರಿಗೆಯ ಬಗ್ಗೆ. ಮುದುಕರನ್ನು, ರೋಗಿಗಳನ್ನು ನೋಡಿಕೊಳ್ಳುವುದು ಸಭೆಯ ಧರ್ಮ, ಸರ್ಕಾರದ ವಿಮೆ ಅದಕ್ಕೆ ಬದಲಿಯಾಗಲಾರದು ಎಂಬುದು ಅವರ ನಿಲುವು. 1961ರ ವಸಂತದಲ್ಲಿ ತೆರಿಗೆ ಅಧಿಕಾರಿಗಳು ಪೆನ್ಸಿಲ್ವೇನಿಯಾದ ಒಬ್ಬ ಅಮಿಶ್ ರೈತನ ಹೊಲಕ್ಕೇ ಬಂದು, ಅವನು ಉಳುತ್ತಿದ್ದಾಗ ಮೂರು ಕುದುರೆಗಳನ್ನು ನೇಗಿಲಿನಿಂದ ಬಿಚ್ಚಿ ಕೊಂಡೊಯ್ದು ಹರಾಜು ಹಾಕಿದರು. ದೇಶದ ಪತ್ರಿಕೆಗಳೆಲ್ಲ ಮರುಗಿದವು. 1965ರಲ್ಲಿ ಸ್ವಂತ ಉದ್ಯೋಗದ ಅಮಿಶರಿಗೆ ವಿನಾಯಿತಿ ಸಿಕ್ಕಿತು. ಅಮಿಶ್ ಮಾಲೀಕ ತನ್ನ ಕೆಲಸಗಾರರ ಪರವಾಗಿ ಈ ತೆರಿಗೆ ಕಟ್ಟಲೇಬೇಕು ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಾದರೂ, ಮಾಲೀಕ ಮತ್ತು ಕೆಲಸಗಾರ ಇಬ್ಬರೂ ಅಮಿಶರಾಗಿದ್ದರೆ ಬೇಡವೆಂದು 1988ರಲ್ಲಿ ಸಂಸತ್ತು ಕಾಯ್ದೆ ತಿದ್ದಿತು.

ಇಂಗ್ಲಿಷ್ ಬಡಗಿಯ, ಗಾರೆಯವನ ದೂರಿಗೆ ಇಲ್ಲಿ ನೆಲೆಯಿದೆ. ಒಂದೇ ಕೊಟ್ಟಿಗೆ ಕಟ್ಟುವ ಗುತ್ತಿಗೆಗೆ ಇಬ್ಬರೂ ದರ ಹೇಳುವಾಗ, ಈ ತೆರಿಗೆ ಮತ್ತು ವಿಮೆಯ ಹೊರೆ ಹೊತ್ತವನು ಅಷ್ಟು ಕೆಳಗಿಳಿಯಲಾರ. ಅಮಿಶರು ಆ ತೆರಿಗೆಯಿಂದ ಬರುವ ಪಿಂಚಣಿಯನ್ನೂ ವೈದ್ಯಕೀಯ ನೆರವನ್ನೂ ಬಿಟ್ಟುಕೊಟ್ಟಿದ್ದಾರೆಂಬುದು ನಿಜ. ಆದರೆ ಕೆಲಸ ಕಳೆದುಕೊಂಡ ಇಂಗ್ಲಿಷ್ ಬಡಗಿಗೆ ಆ ನ್ಯಾಯ ಹೊಟ್ಟೆ ತುಂಬಿಸುವುದಿಲ್ಲ.

ಉಳಿದ ತಕರಾರುಗಳು ಬಚ್ಚಲು ನೀರಿನಿಂದ ಹಿಡಿದು ರಸ್ತೆಯವರೆಗೆ ಹಬ್ಬಿವೆ. ಮಿನ್ನೆಸೋಟಾದ ಫಿಲ್ಮೋರ್ ಜಿಲ್ಲೆ ಅಮಿಶ್ ಮನೆಗಳು ಮಲಿನ ನೀರಿನ ಗುಂಡಿಗಳನ್ನು ಹಾಕಿಸಿಕೊಳ್ಳಲೇಬೇಕೆಂದು ಹಟ ಹಿಡಿದಾಗ ಪ್ರಕರಣ 2021ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ಮರುವಿಚಾರಣೆಗೆ ಬಂತು. 2023ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ಅಮಿಶರ ಪರ ತೀರ್ಪಿತ್ತಿತು. ಲ್ಯಾಂಕಾಸ್ಟರ್‌ನ ಸಗಣಿ ಗೊಬ್ಬರ ಮಳೆಯಲ್ಲಿ ಕೊಚ್ಚಿಹೋಗಿ ಚೆಸಪೀಕ್ ಕೊಲ್ಲಿಯನ್ನು ಕೆಡಿಸುತ್ತಿದೆ ಎಂಬ ಆರೋಪ ಇನ್ನೂ ಗಂಭೀರ, ಮತ್ತು ಆ ವಿಷಯದಲ್ಲಿ ಅಮಿಶ್ ಹಸು ಇಂಗ್ಲಿಷ್ ಹಸು ಎಂಬ ಭೇದವಿಲ್ಲ.

ನೆರವು ಯಾರ ಕೈಗೆ

ಡಿಸೆಂಬರಿನ ನೆರವಿನಲ್ಲಿ 1,100 ಕೋಟಿ ಡಾಲರ್ ಇರುವುದು ಮೆಕ್ಕೆಜೋಳ, ಸೋಯಾ, ಗೋಧಿ, ಹತ್ತಿಯಂತಹ ಬೆಳೆಗಳಿಗೆ, ಅದೂ ಬಿತ್ತಿದ ಎಕರೆಯ ಲೆಕ್ಕದಲ್ಲಿ. ಮೆಕ್ಕೆಜೋಳಕ್ಕೆ ಎಕರೆಗೆ 44.36 ಡಾಲರ್, ಸೋಯಾಬೀನ್‌ಗೆ 30.88 ಡಾಲರ್. ಎರಡನ್ನೂ ತಲಾ ಸಾವಿರ ಎಕರೆ ಬಿತ್ತಿದ ಇಂಗ್ಲಿಷ್ ರೈತನಿಗೆ ಸುಮಾರು 75,000 ಡಾಲರ್ ಸಿಗುತ್ತದೆ. ಆ ಹಣದ ಬಹುಪಾಲು ಗೊಬ್ಬರದ ಅಂಗಡಿಗೆ, ಬ್ಯಾಂಕಿಗೆ ಹೋಗಿ ಸೇರುತ್ತದೆ. ಹಸುಗಳ ಮೇವಿಗಾಗಿ ಇಪ್ಪತ್ತು ಎಕರೆ ಮೆಕ್ಕೆಜೋಳ ಬೆಳೆದ ರೈತ ಅರ್ಜಿ ಹಾಕಿದರೂ ಬರುವುದು 900 ಡಾಲರಿಗಿಂತ ಕಡಿಮೆ, ಮತ್ತು ಅಮಿಶ್ ರೈತರಲ್ಲಿ ಬಹಳಷ್ಟು ಮಂದಿ ಅಂಥ ಅರ್ಜಿ ಹಾಕುವವರಲ್ಲ. ಎಕರೆಗೆ ಕಟ್ಟಿದ ನೆರವು ಎಕರೆ ಹೆಚ್ಚಿದ್ದವನನ್ನೇ ಬಲಪಡಿಸುತ್ತದೆ. ಮುಂದಿನ ವರ್ಷ ಗುತ್ತಿಗೆಯ ದರ ಇಳಿಯದಂತೆ ಹಿಡಿದಿಡುತ್ತದೆ. ಹೀಗಾಗಿ ಸಣ್ಣ ಇಂಗ್ಲಿಷ್ ರೈತ ಎರಡು ಒತ್ತಡಗಳ ನಡುವೆ ಸಿಕ್ಕಿದ್ದಾನೆ. ಮೇಲಿನಿಂದ ನೆರವು ಪಡೆದ ದೊಡ್ಡ ಹಿಡುವಳಿದಾರ, ಪಕ್ಕದಿಂದ ಖರ್ಚು ಕಡಿಮೆಯ ಅಮಿಶ್ ನೆರೆಯವ. ಈ ಬಿಕ್ಕಟ್ಟಿನಲ್ಲಿ ನಿಜವಾಗಿ ಕರಗುತ್ತಿರುವವನು ಅವನೇ ಎಂಬುದು ಸುದ್ದಿಗಳಲ್ಲಿ ಸ್ಪಷ್ಟವಾಗಿ ಬರುತ್ತಿಲ್ಲ.

ಹಾಲಿನ ಲಾರಿ ಬರುವವರೆಗೆ

ಅವನು ಕರಗಿದರೆ ಅಮಿಶರಿಗೇನು ನಷ್ಟ? ಲ್ಯಾಂಕಾಸ್ಟರ್‌ನಲ್ಲಿ ಪ್ರತಿ ವಸಂತದಲ್ಲಿ ನಡೆಯುವ ‘ಮಡ್ ಸೇಲ್’ ಎಂಬ ಹರಾಜುಗಳಲ್ಲಿ ಅಮಿಶ್ ಹೆಂಗಸರು ಹೊಲಿದ ಕೌದಿಗಳು, ಹಳೆಯ ನೇಗಿಲುಗಳು, ಕುದುರೆಗಳು ಮಾರಾಟವಾಗುತ್ತವೆ. ಕೊಳ್ಳುವವರಲ್ಲಿ ಇಂಗ್ಲಿಷರೂ ಬಹಳ ಮಂದಿ. ಕೆಸರಿನಲ್ಲಿ ನಿಂತು ಕೂಗಿದ ಆ ಹಣ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಹೋಗುತ್ತದೆ. ದಳದಲ್ಲಿ ಅಮಿಶ್ ಯುವಕರೂ ಇರುತ್ತಾರೆ. ಅವರು ಬೆಂಕಿ ಆರಿಸುತ್ತಾರೆ, ಆದರೆ ವಾಹನ ಓಡಿಸುವುದಿಲ್ಲ. ಚಕ್ರ ಹಿಡಿಯಲು ಇಂಗ್ಲಿಷ್ ನೆರೆಯವನೇ ಬೇಕು. ರಾತ್ರಿ ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿನವನೂ ಅವನೇ.

ಹಾಲಿನ ವಿಷಯದಲ್ಲಿ ಈ ನಂಟು ಇನ್ನೂ ಬಿಗಿ. ಹಾಲು ತಣಿಸುವ ತೊಟ್ಟಿಯನ್ನೂ ಒಪ್ಪದ ಅತಿ ಸಂಪ್ರದಾಯಸ್ಥ ಸ್ವಾರ್ಟ್ಸೆಂಟ್ರೂಬರ್ ಪಂಗಡದವರು ಕ್ಯಾನುಗಳಲ್ಲಿ ಹಾಲನ್ನು ಚೀಸ್ ಕಾರ್ಖಾನೆಗಳಿಗೆ ಕೊಡುತ್ತಿದ್ದರು. ಕ್ಯಾನ್ ಹಾಲು ಕೊಳ್ಳುವ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದಂತೆ ಅವರಲ್ಲಿ ಹಲವರ ಹೈನುಗಾರಿಕೆಯೂ ನಿಂತಿತು. ಅವರ ಹಸುಗಳಿಗೆ, ಹುಲ್ಲಿಗೆ, ದುಡಿಮೆಗೆ ಯಾವ ಕೊರತೆಯೂ ಇರಲಿಲ್ಲ. ತೊಟ್ಟಿ ಇರುವವರ ಸ್ಥಿತಿಯೂ ಬಹಳ ಬೇರೆಯಲ್ಲ. ಒಂದು ರಸ್ತೆಯುದ್ದಕ್ಕೆ ಹನ್ನೆರಡು ಕೊಟ್ಟಿಗೆಗಳಿಂದ ಹಾಲು ತುಂಬಿಕೊಳ್ಳುತ್ತಿದ್ದ ಲಾರಿ, ಎಂಟು ಇಂಗ್ಲಿಷ್ ಕೊಟ್ಟಿಗೆಗಳು ಮುಚ್ಚಿದ ಮೇಲೆ ಉಳಿದ ನಾಲ್ಕಕ್ಕಾಗಿ ಅಷ್ಟೇ ದೂರ ಓಡಬೇಕು. ಸಾಗಣೆಯ ಖರ್ಚು ಆ ನಾಲ್ವರ ಹಾಲಿನ ದುಡ್ಡಿನಿಂದಲೇ ಕಡಿತವಾಗುತ್ತದೆ. ಒಂದು ದಿನ ಲೆಕ್ಕ ಕೂಡದೆ ಡೇರಿಯವರು ಆ ರಸ್ತೆಯನ್ನೇ ಕೈಬಿಡುತ್ತಾರೆ. ಪಶುವೈದ್ಯ, ಮೇವಿನ ಗಿರಣಿ, ರಿಪೇರಿ ಅಂಗಡಿಗಳ ಲೆಕ್ಕವೂ ಹೀಗೆಯೇ. ನ್ಯೂಯಾರ್ಕ್ ರಾಜ್ಯದ ಮೋಹಾಕ್ ಕಣಿವೆಯಲ್ಲಿ, ಇಂಗ್ಲಿಷರು ಬಿಟ್ಟುಹೋದ ಹಳೆಯ ಹೈನು ಜಮೀನುಗಳನ್ನು ಅಗ್ಗಕ್ಕೆ ಕೊಂಡು ನೆಲೆಸಿದ ಅಮಿಶ್ ಕುಟುಂಬಗಳು ಕೊಟ್ಟಿಗೆಗಳಿಗೆ ಮತ್ತೆ ಜೀವ ತುಂಬಿವೆ. ಆದರೆ ಅವರು ಸೂರ್ಯ ಮೂಡುವ ಮುನ್ನ ಕರೆದ ಹಾಲು ಇವತ್ತಿಗೂ ಕಾಯುವುದು, ಇಂಗ್ಲಿಷ್ ಚಾಲಕನೊಬ್ಬ ಆ ಗುಡ್ಡದ ರಸ್ತೆಗೆ ಲಾರಿ ತಿರುಗಿಸುವ ಹೊತ್ತನ್ನೇ.